ಬಿ.ಪಿ. ಇಲ್ಲದ ಪ್ರೂಫ್ ಮೇಷ್ಟ್ರು
ನಮ್ಮ ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದುವ ಮೇಷ್ಟ್ರಿಗೆ ಬೇರೆಯವರ ಬಡ್ತಿ ಕಂಡು ಎಂದೂ ಹೊಟ್ಟೆ ಉರಿದಿಲ್ಲ. ಉರಿಯುವುದು ಬೇರೆಯವರ ಬಿ.ಪಿ. ಕಂಡು. ತಿಂಗಳ ಮೊದಲ ಸೋಮವಾರ ನರ್ಸಮ್ಮ ಬಂದು ಎಲ್ಲರ ತೋಳಿಗೂ ಪಟ್ಟಿ ಸುತ್ತುತ್ತಾರೆ. ಮೇಷ್ಟ್ರದು ಯಾವಾಗಲೂ ನೂರಿಪ್ಪತ್ತು, ಎಂಬತ್ತು. "ಚೆನ್ನಾಗಿದೆ, ಏಳಿ ಸರ್" ಎನ್ನುವಷ್ಟರಲ್ಲಿ ಅವರ ಸರದಿ ಮುಗಿದಿರುತ್ತದೆ. ಬೈಂಡಿಂಗಿನವನದು ನೂರೆಪ್ಪತ್ತು, ಅವನಿಗೆ ಕುರ್ಚಿ, ನೀರು, ಅರ್ಧ ಗಂಟೆ ವಿಚಾರಣೆ, ಅವನ ಹೆಂಡತಿಗೆ ಫೋನು. "ಉಪ್ಪು ಸುರ್ಕೊಂಡು ತಿನ್ನೋನಿಗೆ ಉಪಚಾರ, ಬಿಟ್ಟೋನಿಗೆ ‘ಏಳಿ ಸರ್’!" ಎಂದು ಮೇಷ್ಟ್ರು ದಿನವಿಡೀ ಗೊಣಗುತ್ತಾರೆ. ಕಾಯಿಲೆ ಇಲ್ಲದಿದ್ದರೂ ಪ್ರತಿ ಭಾನುವಾರ ಹೃದ್ರೋಗಿಗಳ ಕೂಟಕ್ಕೆ ಹೋಗಿ, ಎದೆಯ ಹೊಲಿಗೆ ತೋರಿಸುವವರನ್ನು ಪದಕ ಗೆದ್ದವರಂತೆ ಕಣ್ಣರಳಿಸಿ ನೋಡುತ್ತಾರೆ. ತಪಾಸಣೆಗೆ ಮುಂಚೆ ಮೂರು ಮಹಡಿ ಓಡಿ ಹತ್ತಿದ್ದೂ ಉಂಟು. ಹಾಳು ಹೃದಯ ಜಗ್ಗಲಿಲ್ಲ. ಈ ಸೋಮವಾರ ಮಾತ್ರ ಓಡದೆಯೇ ನೂರೆಂಬತ್ತು ಬಂತು. ನರ್ಸಮ್ಮ ಗಾಬರಿಯಿಂದ ಕೈ ಹಿಡಿದು ಕೂರಿಸಿ, ನೀರು ಕುಡಿಸಿ, "ಮನೆಗೆ ಫೋನ್ ಮಾಡ್ತೀನಿ, ಯಾರ ನಂಬರ್ ಕೊಡ್ತೀರಿ ಸರ್?" ಎಂದು ಕೇಳಿದರು. ಮೇಷ್ಟ್ರು ಒಂದೊಂದೇ ಅಂಕಿ ಬಿಡಿಸಿ, ಸುತ್ತ ನಿಂತಿದ್ದ ನಮಗೆಲ್ಲ ಬಾಯಿಪಾಠವಾಗಿರುವ ಪ್ರೆಸ್ಸಿನ ನಂಬರನ್ನೇ ಹೇಳಿದರು.