ನೊರೆ ಏಳದ ಸವಾರಿ

ಮೂರು ದಿನ ಒಂದೇ ಸಮನೆ ಒಬ್ಬ ಹೆಂಗಸಿಗೆ ಪೆಟ್ರೋಲ್ ದಾನ ಮಾಡಿ ಬೆಪ್ಪಾದ ಗಂಡಸು ಊರಿಗೆ ನಾನೊಬ್ಬನೇ ಇರಬೇಕು.

ಬೆಳಗಿನ ಆರು ಗಂಟೆ, ಗೋದಾಮುಗಳ ಹಿಂದಿನ ಖಾಲಿ ರಸ್ತೆ. ಹೆಲ್ಮೆಟ್ಟು, ಕೈಗೆ ಗ್ಲೌಸು, ಕಾಲಿಗೆ ಬೂಟು ಎಲ್ಲ ತೊಟ್ಟುಕೊಂಡು ಯಾರೋ ಮೋಟಾರ್ ಸೈಕಲ್ಲನ್ನು ತಳ್ಳಿಕೊಂಡು ಹೋಗುತ್ತಿದ್ದರು. ಹತ್ತಿರ ಹೋದರೆ ನಮ್ಮ ಲ್ಯಾಬಿನ ಸೂಜಿಯಕ್ಕ. ಪೆಟ್ರೋಲ್ ಮುಗಿದಿರಬೇಕು ಪಾಪ ಎಂದು ನನ್ನ ಗಾಡಿಯ ಟ್ಯಾಂಕಿಗೆ ಪೈಪು ಇಳಿಸಿ, ಬಾಯಲ್ಲಿ ಎಳೆದು, ಒಂದು ಗುಟುಕು ನುಂಗಿ, ಉಳಿದದ್ದನ್ನು ಅವರ ಟ್ಯಾಂಕಿಗೆ ಸುರಿದೆ. ಅಕ್ಕ ಬೇಡ ಎನ್ನುವಷ್ಟರಲ್ಲಿ ನನ್ನ ಪರೋಪಕಾರ ಮುಗಿದಿತ್ತು. ಮರುದಿನ ನೋಡಿದರೆ ಮತ್ತೆ ತಳ್ಳುತ್ತಿದ್ದಾರೆ. ಮತ್ತೆ ಸುರಿದೆ. ಮೂರನೆಯ ದಿನವೂ ಸುರಿದು, ತಜ್ಞನ ಗತ್ತಿನಲ್ಲಿ ಹೇಳಿದೆ:

"ಅಕ್ಕ, ಟ್ಯಾಂಕ್ ಎಲ್ಲೋ ತೂತಾಗಿದೆ. ಮೆಕ್ಯಾನಿಕ್‌ಗೆ ತೋರಿಸ್ಬಿಡಿ."

ಅಕ್ಕ ಹೆಲ್ಮೆಟ್ಟಿನ ಗಾಜು ಮೇಲೆತ್ತಿದರು. "ಟ್ಯಾಂಕ್ ತುಂಬಿ ತುಳುಕ್ತಾ ಇದೆ ಕಣೋ. ನಿಂದೂ ಸೇರಿ."

"ಮತ್ತೆ ಯಾಕೆ ತಳ್ತಿದೀರಾ?"

"ಇದರ ತೂಕ ಕೈಗೆ ಗೊತ್ತಾಗ್ಲಿ ಅಂತ. ಹೊಸ ಪೇಷಂಟ್ ಬಂದ ಕೂಡ್ಲೇ ಸೂಜಿ ಚುಚ್ಬಿಡ್ತೀವಾ? ಮೊದ್ಲು ಕೈ ಹಿಡ್ಕೊಂಡು, ನರ ಎಲ್ಲಿದೆ ಅಂತ ತಡವಿ ನೋಡ್ತೀವಿ ತಾನೇ?"

ಆ ಮಾತಿನಲ್ಲಿನ 'ನಾವು' ಅವರೊಬ್ಬರೇ. ನಾನು ಚುಚ್ಚಿ ನೋಡಿಯೇ ನರ ಹುಡುಕುವ ಪೈಕಿ.

ಸೂಜಿಯಕ್ಕನಿಗೆ ಆಗ ನಲವತ್ತೊಂಬತ್ತು. ಇಪ್ಪತ್ತೊಂದು ವರ್ಷದಿಂದ ಮನೆಮನೆಗೆ ಹೋಗಿ, ಎದ್ದು ಬರಲಾಗದವರ ರಕ್ತ ತೆಗೆದು, ಬಸ್ಸು ಹಿಡಿದು ಲ್ಯಾಬಿಗೆ ತರುವುದು ಅವರ ಕೆಲಸ. ಚುಚ್ಚಿದ್ದು ಗೊತ್ತೇ ಆಗಲಿಲ್ಲ ಎಂದು ಜನ ಹೇಳಿ ಹೇಳಿ ಅವರಿಗೆ ಆ ಹೆಸರು ನಿಂತಿತು. ಇತ್ತೀಚೆಗೆ ಸೇತುವೆಯ ಆಚೆ ಹೊಸ ಬಡಾವಣೆಗಳು ಬೆಳೆದವು. ಎರಡು ಬಸ್ಸು ಬದಲಿಸಿ ಬರುವಷ್ಟರಲ್ಲಿ ರಕ್ತಕ್ಕೆ ವೇಳೆ ಮೀರುತ್ತಿತ್ತು. ಈ ತಳ್ಳಾಟಕ್ಕೆ ಕೆಲವು ದಿನ ಮೊದಲು ಡಾಕ್ಟರಮ್ಮ, ಎಂದರೆ ನಮ್ಮ ಲ್ಯಾಬಿನ ಒಡತಿ, ನಮ್ಮಿಬ್ಬರನ್ನೂ ಕರೆದರು.

"ನೋಡಿ, ಸೇತುವೆ ಆಚೆಗೆ ಇನ್ನು ಮುಂದೆ ಗಾಡೀಲೇ ಹೋಗ್ಬೇಕು. ಆ ಮನೆಗಳನ್ನ ಇವನಿಗೆ ಕೊಟ್ಬಿಡ್ತೀನಿ. ನೀವು ಕೌಂಟರಲ್ಲಿ ಕೂತ್ಕೊಳ್ಳಿ, ಫ್ಯಾನ್ ಕೆಳಗೆ, ಆರಾಮಾಗಿ."

"ನಂಗೆ ಆರಾಮ ಬೇಡ ಮೇಡಂ. ಲ್ಯಾಬಿನ ಗಾಡಿ ಸುಮ್ನೆ ನಿಂತಿದೆಯಲ್ಲ, ಅದನ್ನ ಕೊಡಿ. ಒಂದೂವರೆ ತಿಂಗಳಲ್ಲಿ ಕಲೀತೀನಿ."

"ಗಾಡಿ ತಗೊಳ್ಳಿ. ಆದ್ರೆ ಒಂದೂವರೆ ತಿಂಗಳು ಅಂದ್ರೆ ಒಂದೂವರೆ ತಿಂಗಳು. ಅಲ್ಲೀವರೆಗೂ ಇವನು ಹೋಗ್ಲಿ. ಆಮೇಲೆ ಯಾರ ಸ್ಯಾಂಪಲ್ ಚೆನ್ನಾಗಿ ಬರುತ್ತೋ ಅವರಿಗೆ ಆ ಮನೆಗಳು."

ಆ ಮನೆಗಳಲ್ಲೊಂದು ಮುದುಕರಾದ ಡ್ರಾಯಿಂಗ್ ಮೇಷ್ಟ್ರದು. ಕೈಯ ನರಗಳು ದಾರದಷ್ಟು ಸಣ್ಣ. ಅಕ್ಕನ ಬದಲು ನಾನು ಹೋದ ಮೊದಲ ದಿನ ಮೂರು ಕಡೆ ಚುಚ್ಚಿದೆ. ಮೇಷ್ಟ್ರು ಉಳಿದ ಕೈಯಲ್ಲಿ ಪೆನ್ಸಿಲ್ ಹಿಡಿದು ನನ್ನನ್ನು ಸೊಳ್ಳೆಯಾಗಿ ಬರೆದುಕೊಟ್ಟು, "ಸೊಳ್ಳೇನೇ ವಾಸಿ ಕಣಪ್ಪಾ, ಅದು ಒಂದೇ ಸಲ ಚುಚ್ಚುತ್ತೆ," ಎಂದರು. ಚಿತ್ರ ಚೆನ್ನಾಗಿತ್ತು. ಅದಕ್ಕೇ ಹರಿದುಹಾಕಲು ಮನಸ್ಸಾಗಲಿಲ್ಲ. "ಸೂಜಿಯಮ್ಮ ಯಾವಾಗ ಬರ್ತಾರೆ?" ಎಂದು ಅವರು ಬಾಗಿಲವರೆಗೂ ಬಂದು ಕೇಳುತ್ತಿದ್ದರು. ಆ ಪ್ರಶ್ನೆಯನ್ನು ನಾನು ಲ್ಯಾಬಿಗೆ ತಂದು ಒಪ್ಪಿಸಿದಾಗಲೆಲ್ಲ ಅಕ್ಕ ಗೋಡೆಯ ಕ್ಯಾಲೆಂಡರಿನಲ್ಲಿ ಉಳಿದ ದಿನ ಎಣಿಸುತ್ತಿದ್ದರು.

ಹತ್ತು ದಿನ ತಳ್ಳಿದ ಮೇಲೆ ಅಕ್ಕ ಎಂಜಿನ್ ಹಚ್ಚಿದರು. ಗಾಡಿ ಗುಟುರು ಹಾಕಿ ಎರಡಡಿ ಹಾರಿ ನಿಂತುಹೋಯಿತು. ಮತ್ತೆ ಹಚ್ಚಿದರು, ಮತ್ತೆ ಹಾರಿತು. ಅಕ್ಕನಿಗೆ ಬೀಳುವುದಕ್ಕಿಂತ ಈ ಹಾರುವುದೇ ಹೆಚ್ಚಿನ ಭಯ, ಏಕೆಂದರೆ ಅದರ ಬೆಲೆ ಅವರಿಗೆ ಗೊತ್ತು. ತೆಗೆದ ರಕ್ತ ದಾರಿಯಲ್ಲಿ ಕುಲುಕಾಡಿದರೆ ಒಳಗಿನ ಕಣಗಳು ಒಡೆಯುತ್ತವೆ. ಲ್ಯಾಬಿನ ಯಂತ್ರದಲ್ಲಿ ಹಾಕಿ ಗರಗರ ತಿರುಗಿಸಿದಾಗ ಮೇಲೆ ಹುಲ್ಲಿನ ಬಣ್ಣದ ತಿಳಿ ನಿಲ್ಲಬೇಕು. ಕಣ ಒಡೆದಿದ್ದರೆ ಅದು ಗುಲಾಬಿಯಾಗಿ ನಿಲ್ಲುತ್ತದೆ. ಗುಲಾಬಿ ಬಂದರೆ ಆ ಟ್ಯೂಬು ಕಸಕ್ಕೆ, ಪೇಷಂಟಿಗೆ ಇನ್ನೊಂದು ಚುಚ್ಚು. ಮೇಷ್ಟ್ರ ಆ ದಾರದಂಥ ನರಕ್ಕೆ ಇನ್ನೊಂದು.

ಅಕ್ಕನ ಗಂಡ ದರ್ಜಿ. ಸೈಕಲ್ಲಿನಿಂದ ಆಚೆಗೆ ಯಾವ ವಾಹನವನ್ನೂ ನಂಬದ ಮನುಷ್ಯ. ಹೆಂಡತಿಯನ್ನು ತಡೆಯಲಾಗದು ಎಂದು ಗೊತ್ತಾದ ಮೇಲೆ ತನ್ನ ಕೈಲಾದದ್ದು ಮಾಡಿದರು. ಹಳೆಯ ರಜಾಯಿ ಕತ್ತರಿಸಿ, ಅಕ್ಕನ ಪ್ಯಾಂಟಿನ ಮಂಡಿಗೆ, ಅಂಗಿಯ ಮೊಣಕೈಗೆ ಒಳಗಡೆಯಿಂದ ದಪ್ಪ ತೇಪೆ ಹೊಲಿದರು. "ಇನ್ನು ಸೊಂಟಕ್ಕೂ ಒಂದು ಹಾಕ್ಲಾ?" ಎಂದು ಅಳತೆಯ ಟೇಪು ಹಿಡಿದು ಬಂದಾಗ ಅಕ್ಕ, "ರೀ, ನಾನು ಗಾಡಿ ಓಡಿಸ್ಬೇಕೋ, ಹಾಸಿಗೆಯಾಗಿ ಬಿದ್ಕೋಬೇಕೋ?" ಎಂದು ಗದರಿದರಂತೆ.

ತೇಪೆ ಆ ವಾರವೇ ಉಪಯೋಗಕ್ಕೆ ಬಂತು. ಗಂಡನ ಅಂಗಡಿಯ ಎದುರೇ ಗಾಡಿ ತಿರುಗಿಸಲು ಹೋಗಿ ಅಕ್ಕ ನಿಧಾನವಾಗಿ, ಬಹಳ ಮರ್ಯಾದೆಯಿಂದ, ಎಡಕ್ಕೆ ಒರಗಿಬಿದ್ದರು. ದರ್ಜಿ ಹೊಲಿಯುತ್ತಿದ್ದ ಬಟ್ಟೆಯ ಸಮೇತ ಓಡಿಬಂದರು. "ಏನಾಯ್ತೇ? ಎಲ್ಲಿ ತಗುಲಿತು?" ಅಕ್ಕ ಉತ್ತರ ಕೊಡದೆ ಹಿಂದಿನ ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಿದರು. ಒಳಗೆ ಸಾಲಾಗಿ ಆರು ಗಾಜಿನ ಟ್ಯೂಬು, ಆರರಲ್ಲೂ ಬಿರಡೆಯವರೆಗೂ ಬಿಳಿ ನೊರೆ. ದರ್ಜಿಗೆ ಹೆಂಡತಿಯ ತಲೆಗೇ ಪೆಟ್ಟು ಬಿದ್ದಿದೆ ಎನಿಸಿತು.

ಅದು ಸೋಪಿನ ನೀರು. ಈ ಉಪಾಯವನ್ನು ಯಾರೂ ಅವರಿಗೆ ಹೇಳಿಕೊಟ್ಟದ್ದಲ್ಲ. ಪಾತ್ರೆ ತೊಳೆಯುವಾಗ ಹೊಳೆದದ್ದು. ಅರ್ಧ ಟ್ಯೂಬು ಸೋಪಿನ ನೀರು ತುಂಬಿ, ನೀರಿನ ಮಟ್ಟಕ್ಕೆ ಮಾರ್ಕರಿನಲ್ಲಿ ಗೆರೆ ಎಳೆದು, ಪೆಟ್ಟಿಗೆಯಲ್ಲಿಟ್ಟು ಒಂದು ಸುತ್ತು ಹೊಡೆಯುವುದು. ಬಂದು ನೋಡುವುದು. ಎಷ್ಟು ಕುಲುಕಿದೆಯೋ ಅಷ್ಟು ನೊರೆ. ಧೈರ್ಯ ಬಂತಾ ಇಲ್ಲವಾ ಎಂದು ಎದೆಯನ್ನು ಕೇಳಿದರೆ ಅದು ದಿನಕ್ಕೊಂದು ಹೇಳುತ್ತದೆ. ನೊರೆಗೆ ಆ ಚಾಳಿಯಿಲ್ಲ. ಮೊದಲ ವಾರ ಬಿರಡೆ ಮುಟ್ಟುತ್ತಿದ್ದ ನೊರೆ ಎರಡನೆಯ ವಾರ ಒಂದು ಬೆರಳಿಗೆ ಇಳಿಯಿತು. ಬ್ರೇಕನ್ನು ಹಿಂಡದೆ ಒತ್ತುವುದು ಗೊತ್ತಾದ ದಿನ ಅರ್ಧ ಬೆರಳಾಯಿತು. ಕಣ್ಣು ಮುಚ್ಚಿ ನಿಂತಲ್ಲೇ ನೂರು ಸಲ ಕ್ಲಚ್ ಬಿಟ್ಟು, ಎಂಜಿನ್ ಚಕ್ರವನ್ನು ಹಿಡಿಯುವ ಆ ಒಂದು ಜಾಗವನ್ನು ಬೆರಳಿಗೆ ಕಲಿಸಿದರು. ಸೂಜಿ ನರದೊಳಗೆ ಹೊಕ್ಕಾಗ ಒಂದು ಕೂದಲೆಳೆಯಷ್ಟು ಸಡಿಲ ಸಿಗುತ್ತದಲ್ಲ, ಅದೇ ಥರ ಎಂದರು. ನಾನು ತಲೆಯಾಡಿಸಿದೆ. ನನಗೆ ಎರಡೂ ಗೊತ್ತಿರಲಿಲ್ಲ.

ಈ ನಡುವೆ ನನ್ನ ರಾಜ್ಯಭಾರ ಸೇತುವೆಯ ಆಚೆ ನಡೆದೇ ಇತ್ತು. ಏಳು ವರ್ಷದ ಸವಾರ ನಾನು. ಹಳ್ಳ ಕಂಡರೆ ಹಾರಿಸುವವನು, ಉಬ್ಬು ಕಂಡರೆ ಎದ್ದು ನಿಲ್ಲುವವನು. ನಾನು ತಂದ ಟ್ಯೂಬುಗಳನ್ನು ಅಕ್ಕ ಯಂತ್ರದಿಂದ ತೆಗೆದು, ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಸ್ಟ್ಯಾಂಡಿಗೆ ಇಡುತ್ತಿದ್ದರು. ಆಗಾಗ ಗುಲಾಬಿ ಬರುತ್ತಿತ್ತು. ಯಂತ್ರ ಹಳೆಯದು ಎಂದೆ, ಬಿಸಿಲು ಜಾಸ್ತಿ ಎಂದೆ, ಒಮ್ಮೆ ಮೇಷ್ಟ್ರ ರಕ್ತದ ಬಣ್ಣವೇ ಹಾಗೆ ಎಂದೂ ಹೇಳಿದೆ.

ಲೈಸೆನ್ಸು ಕೈಗೆ ಬಂತು, ನೊರೆ ಗೆರೆಯ ಮೇಲೆ ಎಳೆಯಷ್ಟೇ ಉಳಿಯಿತು. ಒಂದು ಮಾತ್ರ ಬಾಕಿ ಇತ್ತು: ಸೇತುವೆಗೆ ಎರಡೂ ಬದಿಯಿಂದ ಹತ್ತುವ ಏರು. ತುದಿಯಲ್ಲಿ ಸಿಗ್ನಲ್ಲು, ಆದ್ದರಿಂದ ಅರ್ಧ ಏರಿನಲ್ಲೇ ನಿಲ್ಲಬೇಕು, ನಿಂತಲ್ಲಿಂದ ಹಿಂದಕ್ಕೆ ಜಾರದೆ ಹೊರಡಬೇಕು. ಅಕ್ಕ ನಸುಕಿನಲ್ಲಿ ವಾಹನವಿಲ್ಲದಾಗ ಹತ್ತಿ ನೋಡಿದ್ದರು. ಹಿಂದೆ ಒಬ್ಬರು ನಿಂತು ಹಾರನ್ ಹೊಡೆದರೆ ಏನಾಗುತ್ತದೆ ಎಂಬುದನ್ನು ಸೋಪಿನ ನೀರು ಹೇಳಿರಲಿಲ್ಲ.

ಗಡುವಿನ ಕೊನೆಯ ದಿನ ಡಾಕ್ಟರಮ್ಮ ಪರೀಕ್ಷೆಗೆಂದು ಆಚೆಯ ಮನೆಗಳನ್ನು ಆ ಒಂದು ದಿನಕ್ಕೆ ಅಕ್ಕನಿಗೆ ಬಿಟ್ಟುಕೊಟ್ಟರು. ಹೋಗುವಾಗ ಸಿಗ್ನಲ್ಲು ಹಸಿರಿತ್ತು, ಬದುಕಿದೆ ಎಂದುಕೊಂಡರು. ಮೇಷ್ಟ್ರು ಬಾಗಿಲಲ್ಲೇ ಕೈ ಚಾಚಿ ನಿಂತಿದ್ದರು. "ಬಂದ್ಯಾ ತಾಯಿ! ಆ ಸೊಳ್ಳೆ ಕಾಟ ತಪ್ತು," ಎಂದರು. ಐದು ಮನೆ, ಹದಿನಾಲ್ಕು ಟ್ಯೂಬು. ವಾಪಸು ಬರುವಾಗ ಆಚೆ ಬದಿಯ ಏರಿನ ನಟ್ಟನಡುವೆ ಸಿಗ್ನಲ್ಲು ಕೆಂಪಾಯಿತು. ಹಿಂದೆ ಒಂದು ಲಾರಿ ಬಂದು, ಬಿಸಿಯುಸಿರು ಬೆನ್ನಿಗೆ ತಾಗುವಷ್ಟು ಹತ್ತಿರ ನಿಂತಿತು.

ಹಸಿರು ಬಿತ್ತು. ಅಕ್ಕ ಕ್ಲಚ್ ಬಿಟ್ಟರು. ಗಾಡಿ ಗಕ್ಕೆಂದು ನಿಂತುಹೋಯಿತು. ಲಾರಿ ಹಾರನ್ ಹೊಡೆಯಿತು. ಹಿಂದಿನವರೆಲ್ಲ ದನಿಗೂಡಿಸಿದರು.

"ಏನಮ್ಮಾ, ಆಗಲ್ಲ ಅಂದ್ರೆ ಇಳಿದು ತಳ್ಕೊಂಡು ಹೋಗಿ!" ಡ್ರೈವರ್ ತಲೆ ಹೊರಹಾಕಿ ಕೂಗಿದ.

ತಳ್ಳುವುದು ಅಕ್ಕನಿಗೆ ಚೆನ್ನಾಗಿಯೇ ಗೊತ್ತಿತ್ತು. ಹತ್ತು ದಿನ ಕಲಿತ ವಿದ್ಯೆ. ಇಳಿದುಬಿಡೋಣ ಎಂದು ಕಾಲು ಎತ್ತಿದ್ದೂ ಹೌದು. ಹಾಗೆ ಇಳಿದರೆ ನಾಳೆಯಿಂದ ಫ್ಯಾನಿನ ಕೆಳಗಿನ ಕುರ್ಚಿ ಎಂಬುದೂ ಗೊತ್ತಿತ್ತು. ಆಗ ಕಣ್ಣು ಎಡಗೈಯ ಮೇಲೆ ಬಿತ್ತು. ಕ್ಲಚ್ ಹಿಡಿದ ಬೆರಳುಗಳು ಗಂಟುಗಂಟಾಗಿ ಬಿಗಿದುಕೊಂಡಿದ್ದವು. ಸೂಜಿ ಕಂಡ ಪೇಷಂಟಿನ ಮುಷ್ಟಿ, ಥೇಟ್ ಅದೇ. ಇಪ್ಪತ್ತೊಂದು ವರ್ಷದಿಂದ ಅಂಥ ಮುಷ್ಟಿಗೆ ಹೇಳುತ್ತ ಬಂದ ಮಾತು ತಾನಾಗಿ ಬಾಯಿಗೆ ಬಂತು. ಬಲಗಾಲಲ್ಲಿ ಬ್ರೇಕು ಒತ್ತಿ, ಲಾರಿಯವನಿಗೆ ಬಲಗೈ ಎತ್ತಿ 'ತಾಳಿ' ಎಂದು ತೋರಿಸಿ, ಗಟ್ಟಿಯಾಗಿಯೇ ಹೇಳಿದರು: "ಉಸಿರು ಎಳ್ಕೊಳ್ಳಿ. ಎಲ್ಲಾದ್ರೂ ಆ ಕಡೆ ನೋಡಿ. ಮುಷ್ಟಿ ನಿಧಾನಕ್ಕೆ ಬಿಡಿ... ನಿಧಾನ..."

"ಯಾರಿಗ್ರೀ ಹೇಳ್ತಿದೀರಾ?" ಎಂದ ಡ್ರೈವರ್.

"ನಂಗೆ!"

ಎಂಜಿನ್ ಹಚ್ಚಿ, ಬಲಗಾಲು ಬ್ರೇಕಿನ ಮೇಲೇ ಇಟ್ಟು, ಬೆರಳುಗಳನ್ನು ಒಂದೊಂದೇ ಎಳೆಯಾಗಿ ಸಡಿಲಿಸಿದರು. ಆ ಜಾಗ ಸಿಕ್ಕಿತು. ಗಾಡಿ ಭಾರ ಎಳೆಯಲು ಹೊರಟ ಎತ್ತಿನಂತೆ ಹಿಂಬದಿಯನ್ನು ಕೊಂಚ ತಗ್ಗಿಸಿತು. ಬ್ರೇಕಿನ ಕಾಲು ತೆಗೆದರು. ಹಿಂದಕ್ಕೆ ಒಂದಂಗುಲವೂ ಜಾರದೆ ಅದು ಏರಿತು. ಈ ಭಾಗವನ್ನು ಅಕ್ಕನೇ ನನಗೆ ಹೇಳಿದ್ದು. ಹೇಳುವಾಗಲೂ ಎಡಗೈ ಗಾಳಿಯಲ್ಲಿ ಕ್ಲಚ್ ಬಿಡುತ್ತಿತ್ತು.

ಹದಿನಾಲ್ಕು ಟ್ಯೂಬನ್ನೂ ನಾನೇ ಯಂತ್ರಕ್ಕೆ ಹಾಕಿದೆ. ಹತ್ತು ನಿಮಿಷ ಅದು ತಿರುಗಿತು. ಅಷ್ಟು ಹೊತ್ತೂ ಅಕ್ಕ ಹೆಲ್ಮೆಟ್ಟು ತೆಗೆಯದೆ ಪಕ್ಕದಲ್ಲಿ ನಿಂತಿದ್ದರು. ಬೀದಿಯಲ್ಲಿ ದರ್ಜಿ, ಯಾರದೋ ಅಂಗಿ ಕೊಡಲು ಬಂದವರಂತೆ ನಟಿಸುತ್ತ, ಒಂದೇ ಅಂಗಿಯನ್ನು ನಾಲ್ಕನೆಯ ಸಲ ಮಡಿಸುತ್ತಿದ್ದರು. ಮುಚ್ಚಳ ತೆಗೆದೆ. ಡಾಕ್ಟರಮ್ಮ ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದರು. ಹುಲ್ಲಿನ ಬಣ್ಣ. ಹುಲ್ಲಿನ ಬಣ್ಣ. ಹದಿನಾಲ್ಕೂ ಹುಲ್ಲಿನ ಬಣ್ಣ.

"ಆಚೆಯ ಮನೆಗಳು ನಿಮ್ಮವೇ," ಎಂದಷ್ಟೇ ಹೇಳಿ ಒಳಗೆ ಹೋದರು. ಅಕ್ಕ ಆಗ ಹೆಲ್ಮೆಟ್ಟು ತೆಗೆದರು. ಕೂದಲು ಹಣೆಗೆ ಅಂಟಿಕೊಂಡಿತ್ತು.

ಮಧ್ಯಾಹ್ನ ಪಕ್ಕದ ಅಂಗಡಿಯಲ್ಲಿ ಟೀ ಕುಡಿಯುವಾಗ ನನಗೆ ತಡೆಯಲಾಗಲಿಲ್ಲ. ಮನೆಗಳು ಹೋದದ್ದಕ್ಕೆ ಬೇಸರವಿರಲಿಲ್ಲ. ಮೇಷ್ಟ್ರ ಬಾಗಿಲಿಗೆ ಸೊಳ್ಳೆಯಾಗಿ ಹೋಗುವುದು ತಪ್ಪಿತಲ್ಲ. ಬೇರೆ ಒಂದು ಮಾತು ಚುಚ್ಚುತ್ತಿತ್ತು.

"ಅಕ್ಕ, ಏಳು ವರ್ಷದಿಂದ ಗಾಡಿ ಓಡಿಸ್ತಿದೀನಿ. ದಿನಾ ನಿಮ್ಮ ಪಕ್ಕದ ಟೇಬಲಲ್ಲೇ ಕೂತಿರ್ತೀನಿ. ಸ್ವಲ್ಪ ಹೇಳ್ಕೊಡೋ ಅಂತ ಒಂದು ಸಲನಾದ್ರೂ ನನ್ನ ಯಾಕೆ ಕೇಳ್ಲಿಲ್ಲ?"

ಅಕ್ಕ ಟೀ ಲೋಟ ಕೆಳಗಿಟ್ಟರು. ಒಂದು ಹನಿಯೂ ತುಳುಕಲಿಲ್ಲ.

"ನೀನು ತಂದ ಟ್ಯೂಬ್‌ಗಳನ್ನ ದಿನಾ ನೋಡ್ತಿದ್ನಲ್ಲೋ."