ಬಾಯಿಬಿಟ್ಟು ಕೇಳಿದ ಕಾಳಿ

ಅಮ್ಮತ್ತಿ ಕಡೆಯ ಒಂದು ಕಾಫಿ ಎಸ್ಟೇಟಿನ ಕೆಲಸಗಾರರ ಲೈನುಮನೆಗಳಲ್ಲಿ ಕಾಳಿಯ ಬಾಯಿಗೆ ಹೆದರದವರಿಲ್ಲ. ಕಂಡದ್ದನ್ನು ಕಂಡ ಹಾಗೆ ಆಡಿಬಿಡುವ ಹೆಂಗಸು. ಆ ಬಾಯಿಯೇ ಒಂದು ಜೀವ ಉಳಿಸಿತು, ಹೇಳಿಕೊಳ್ಳಲು ನಮಗೇನು ಸಂಕೋಚ?

ಪಕ್ಕದ ಮನೆಯ ಬೋಜ ಮೆಣಸು ಕುಯ್ಯುವುದರಲ್ಲಿ ಎತ್ತಿದ ಕೈ. ಹೆಂಡತಿ ತೀರಿಹೋದ ಮೇಲೆ ಅವನ ಮಾತು ಕಡಿಮೆಯಾಯಿತು, ಊಟ ಅರ್ಧಕ್ಕೆ ನಿಂತಿತು. "ದುಃಖ ಅಲ್ವಾ, ಸರಿಹೋಗ್ತದೆ" ಎಂದರು ಎಲ್ಲರೂ. ಆಮೇಲೊಂದು ಭಾನುವಾರ ಅವನು ನಗುನಗುತ್ತ ಮನೆಮನೆಗೆ ತನ್ನ ಕೋಳಿಗಳನ್ನು ಹಂಚಿದ. ಬೇರೆ ಎಸ್ಟೇಟಿಗೆ ಹೊರಟವರು ಕೋಳಿಗಳನ್ನು ನೆರೆಯವರಿಗೆ ಬಿಟ್ಟುಹೋಗುವುದು ಲೈನಿನ ವಾಡಿಕೆ. ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ಅಂತೂ ಮುಖದಲ್ಲಿ ಕಳೆ ಬಂತಲ್ಲ ಎಂದುಕೊಂಡರು.

ಕಾಳಿಗೂ ಒಂದು ಹೇಂಟೆ ಬಂತು. "ಮರಿ ಆದ್ರೆ ನಿಂಗೆ ಎರಡು ಇಡ್ತೀನಿ" ಎಂದಳು. ಊರು ಬಿಟ್ಟು ಹೊರಡುವವರು, ಮತ್ತೆ ಬಂದಾಗ ಬೇಕೆಂದು, ಈ ಮಾತನ್ನು ತಾವಾಗಿಯೇ ಕೇಳಿ ಪಡೆಯುತ್ತಾರೆ. ಬೋಜ ಮಾತ್ರ, "ನಂಗೆ ಎಂತಕ್ಕೆ? ಇನ್ನು ನಂಗೆ ಏನೂ ಬೇಡ" ಎಂದು ತಿರುಗಿ ನಡೆದ.

ಇವನು ಹೊರಟಿರುವುದು ಬೇರೆ ಎಸ್ಟೇಟಿಗಲ್ಲ ಎಂದು ಕಾಳಿಗೆ ಹೊಳೆಯಿತು. ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೇನೋ ಎಂದು ಒಂದು ಗಳಿಗೆ ಹಿಂಜರಿದಳು. ಆದರೂ ಅವನ ಹಿಂದೆಯೇ ಹೋಗಿ ಹೊಸ್ತಿಲಲ್ಲಿ ಕುಕ್ಕರಿಸಿದಳು.

"ಬೋಜಾ, ಸಾಯೋ ಯೋಚನೆ ಮಾಡ್ತಿದ್ದೀಯಾ?"

ಅವನು ಗೋಡೆಯ ಕಡೆ ತಿರುಗಿ "ಹೂಂ" ಎಂದ. ಆಮೇಲೆ ಅಳು ಒತ್ತರಿಸಿ ಬಂತು.

ಇನ್ನೊಬ್ಬರಾಗಿದ್ದರೆ ಬುದ್ಧಿ ಹೇಳಲು ಶುರುಮಾಡುತ್ತಿದ್ದರು. ಅಷ್ಟು ಬಾಯಿಯ ಹೆಂಗಸು ಬೈಯಲಿಲ್ಲ, ಆಣೆ ಹಾಕಿಸಲಿಲ್ಲ, ಸುಮ್ಮನೆ ಕೂತು ಅವನು ಹೇಳಿದ್ದನ್ನೆಲ್ಲ ಕೇಳಿದಳು. "ಯಾರಿಗೂ ಹೇಳಬೇಡ" ಎಂದಾಗ ಮಾತ್ರ ಒಪ್ಪಲಿಲ್ಲ.

"ಹೇಳ್ತೀನಿ ಮಾರಾಯ. ನಂಗೆ ನಿನ್ನ ಗುಟ್ಟಿಗಿಂತ ನಿನ್ನ ಜೀವ ದೊಡ್ಡದು."

ಗಂಡ ಗಿರಿಯನ್ನು ಕೂಗಿ, ಬೋಜನ ಮನೆಯಲ್ಲಿ ಅಪಾಯ ಅನ್ನಿಸಿದ್ದನ್ನೆಲ್ಲ ಹೊರಗೆ ಸಾಗಿಸಲು, ಆಮೇಲೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ನಾಗೇಶ್ವರನಿಗೆ ಸುದ್ದಿ ಮುಟ್ಟಿಸಲು ಹೇಳಿದಳು. ರೈಟರ್ ಕೂಡಲೇ ಜೀಪು ತಂದ. ಆಸ್ಪತ್ರೆಯಲ್ಲಿ ಡಾಕ್ಟರು ಒಳಗೆ ಕರೆಯುವವರೆಗೂ ಕಾಳಿ ಬೋಜನ ಪಕ್ಕದಿಂದ ಏಳಲಿಲ್ಲ.

ಮಾತ್ರೆ, ಮಾತುಕತೆ, ಮತ್ತೆ ಆಸ್ಪತ್ರೆ. ನಡುವೆ ಕೆಟ್ಟ ದಿನಗಳೂ ಬಂದವು. ನಿಧಾನಕ್ಕೆ ಅವನು ಹೊಟ್ಟೆತುಂಬ ಉಣ್ಣತೊಡಗಿದ, ಕೆಲಸಕ್ಕೂ ಬಂದ.

ಮುಂದಿನ ಕಾಫಿ ಪಿಕಿಂಗ್‌ನಲ್ಲಿ ಒಂದು ಸಂಜೆ, ಕುಯ್ದ ಹಣ್ಣಿನ ತೂಕಕ್ಕೆ ಸಾಲಿನಲ್ಲಿ ನಿಂತಿದ್ದ ಚಿಕ್ಕ ಎಂಬ ಕೆಲಸಗಾರ ಛೇಡಿಸಿದ: "ಎಂತ ಬೋಜಣ್ಣ, ತಿಂಗಳು ತಿಂಗಳು ಆಸ್ಪತ್ರೆ? ನರ್ಸಮ್ಮ ಚೆಂದ ಇದ್ದಾಳಾ?"

ಎಲ್ಲರೂ ನಕ್ಕರು. ಬೋಜ ತನ್ನ ಮೂಟೆ ಇಳಿಸಿದ.

"ಸಾಯಬೇಕು ಅಂತಿದ್ದೆ ಚಿಕ್ಕ. ಕಾಳಿ ಕೇಳಿದ್ಲು, ಹೇಳ್ದೆ. ಈಗ ಔಷಧಿ ತಗೊಳ್ತಿದ್ದೀನಿ. ನಿಂಗೂ ಹಾಗೆ ಅನ್ನಿಸಿದ್ರೆ ನಂಗೆ ಹೇಳು."

 ಸಾಲಿನಲ್ಲಿದ್ದ ಕಾಳಿ ಹೆಮ್ಮೆಯಿಂದ ಅವನ ಮೂಟೆಯನ್ನು ತಾನೇ ತೂಕಕ್ಕೆ ಮುಂದೆ ಸರಿಸಿದಳು. ಚಿಕ್ಕ ತಲೆ ತಗ್ಗಿಸಿ ಬೋಜನ ಹತ್ತಿರ ಸರಿದ.

"ತೂಕ ಆದ ಮೇಲೆ ಸಿಗ್ತೀಯಾ ಬೋಜಣ್ಣ?"

"ಆಮೇಲೆ ಎಂತಕ್ಕೆ? ಈಗಲೇ ಬಾ" ಎಂದು ಬೋಜ ಅವನ ಕೈ ಹಿಡಿದುಕೊಂಡ.