ಸೊಣ್ಣಪ್ಪ ಮಾವನ ಮೂಗು

ಯಾವ ಗಾಡಿ ಬಂದು ನಿಂತರೂ ಸೊಣ್ಣಪ್ಪ ಮಾವ ಮೊದಲು ಅದನ್ನು ಮೂಸುತ್ತಿದ್ದರು. ಸ್ಪ್ಯಾನರಿಗೆ ಕೈ ಹಾಕುವುದು ಆಮೇಲೆ. ಬಾನೆಟ್ ಎತ್ತಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಕೊಕ್ಕರೆಯ ಹಾಗೆ ಕುತ್ತಿಗೆ ಚಾಚಿ ರೇಡಿಯೇಟರಿನಿಂದ ಶುರುಮಾಡುತ್ತಿದ್ದರು. ಆಯಿಲ್ ಕಡ್ಡಿ ಎಳೆದು ಮೂಗಿನ ಕೆಳಗೆ ಹಿಡಿಯುತ್ತಿದ್ದರು. ಚಕ್ರಗಳ ಪಕ್ಕ ಕುಕ್ಕರಗಾಲಲ್ಲಿ ಕೂತು ಬ್ರೇಕಿನ ವಾಸನೆ ನೋಡುತ್ತಿದ್ದರು. ಡ್ರೈವರ್ ಕಷ್ಟ ಹೇಳಿಕೊಳ್ಳಲು ಬಾಯಿ ತೆರೆಯುವ ಮೊದಲೇ ತೀರ್ಪು ಬಂದಿರುತ್ತಿತ್ತು. "ಘಾಟಿ ಪೂರಾ ಕ್ಲಚ್ ಮೇಲೇ ಕಾಲಿಟ್ಕೊಂಡ್ ಬಂದಿದೀಯ. ಸುಳ್ಳು ಹೇಳ್ಬೇಡ."

ಚಿತ್ತೂರು ಕಡೆಯಿಂದ ಬರುವ ಲಾರಿಯವರಿಗೆ ಇದೊಂದು ತಮಾಷೆ. "ಏನ್ ಸೊಣ್ಣಪ್ಪಣ್ಣ, ಗಾಡಿ ನೋಡು ಅಂದ್ರೆ ಸಾರಿಗೆ ಒಗ್ಗರಣೆ ಆಗೈತಾ ಅಂತ ನೋಡ್ತಾ ಇದೀಯಲ್ಲ" ಎನ್ನುತ್ತಿದ್ದರು. ಮಾವ ನಗುತ್ತಿರಲಿಲ್ಲ. "ಕಣ್ಣು ಮೋಸ ಹೋಗ್ತೈತೆ. ಗ್ರೀಸ್ ಮೆತ್ತಿ ಏನ್ ಬೇಕಾದ್ರೂ ಮುಚ್ಚಿಡ್ಬೋದು. ವಾಸ್ನೆ ಮುಚ್ಚಿಡಕ್ಕಾಗ್ತೈತೇನ್ಲಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಗಾಡಿಯ ಕೆಳಗೆ ತೂರಿಕೊಳ್ಳುತ್ತಿದ್ದರು.

ಅವರು ನಮಗೆ ರಕ್ತಸಂಬಂಧಿಯಲ್ಲ. ನಂಗಲಿಯಲ್ಲಿ ನಮ್ಮ ಮನೆಯ ಹಿಂದಿನ ಬೀದಿಯವರು. ಅಪ್ಪ 'ಬಾವಾ' ಎಂದು ಕರೆಯುತ್ತಿದ್ದುದರಿಂದ ನನಗೆ ಮಾವ. ಹೆದ್ದಾರಿಗೆ ಅಂಟಿದಂತೆ ಅವರ ತಗಡಿನ ಶೆಡ್ ಇತ್ತು. ಅವರ ಕೈಗಳಿಗೆ ಡೀಸೆಲ್ ಎಷ್ಟು ಇಳಿದುಹೋಗಿತ್ತೆಂದರೆ, ಮದುವೆಯ ಪಂಕ್ತಿಯಲ್ಲಿ ಅವರ ಪಕ್ಕ ಕೂತವರು ಎಲೆಯ ಮೇಲಿನ ಪಾಯಸವನ್ನೇ ಅನುಮಾನದಿಂದ ನೋಡುತ್ತಿದ್ದರು. ಅವರ ಹೆಂಡತಿ ಮುನಿರತ್ನತ್ತೆ ಸೀಗೆಪುಡಿ, ನಿಂಬೆಹಣ್ಣು, ಕೊನೆಗೆ ಪಾತ್ರೆ ತೊಳೆಯುವ ಸೋಪು ಕೊಟ್ಟು ಸೋತಿದ್ದರು. "ಇವರನ್ನ ಕಟ್ಕೊಂಡಾಗಿಂದ ನನಗೆ ಪೆಟ್ರೋಲ್ ಬಂಕ್‌ನಾಗೆ ಮಲಗಿದಂಗೇ" ಎಂದು ಅತ್ತೆ ಎಲ್ಲರೆದುರೂ ಹೇಳುತ್ತಿದ್ದರು. ಮಾವ ಆಗ ಮಾತ್ರ ಸ್ವಲ್ಪ ನಗುತ್ತಿದ್ದರು.

ಶೆಡ್ಡಿನ ಹಿಂದೆ ಒಂದು ಲಾರಿ ನಿಂತಿತ್ತು. ಮುಂದಕ್ಕೆ ಉದ್ದ ಮೂತಿ ಚಾಚಿದ, ಈಗ ರಸ್ತೆಯಲ್ಲಿ ಕಾಣದಂಥದು. ಹದಿವಯಸ್ಸಿನಲ್ಲಿ ಮಾವ ಕ್ಲೀನರ್ ಆಗಿ ಸೇರಿದ್ದು ಇದೇ ಲಾರಿಗೆ. ಸುಗ್ಗಿಯಲ್ಲಿ ಶ್ರೀನಿವಾಸಪುರದ ಮಂಡಿಯಿಂದ ಮಾವಿನಹಣ್ಣು ತುಂಬಿಸಿ, ಭತ್ತದ ಹುಲ್ಲಿನ ಮೇಲೆ ಮಲಗಿ, ಮದ್ರಾಸಿನವರೆಗೆ ಹೋಗಿ ಬರುತ್ತಿದ್ದರಂತೆ. ಆಮೇಲೆ ಲಾರಿ ಯಾರ್‍ಯಾರದೋ ಕೈ ಸೇರಿತು. ಎಷ್ಟೋ ವರ್ಷದ ಮೇಲೆ ಬೈರಕೂರಿನ ಕಡೆ ಒಂದು ತೋಟದಲ್ಲಿ, ಹುಣಸೆಮರದ ಕೆಳಗೆ ಅವರಿಗೆ ಮತ್ತೆ ಸಿಕ್ಕಿತು. ಡ್ರೈವರ್ ಸೀಟಿನ ಮೇಲೆ ಕೋಳಿಗಳು ಮೊಟ್ಟೆ ಇಡುತ್ತಿದ್ದವು. ತೋಟದವರು ಧಾರಾಳಿಗಳು. "ಎಳ್ಕೊಂಡ್ ಹೋಗಪ್ಪ, ಕೋಳಿಗೆ ಬೇರೆ ಗೂಡು ಮಾಡ್ತೀನಿ" ಎಂದರಂತೆ. ಮಾವ ಇಂಜಿನ್ ನೋಡಲಿಲ್ಲ, ಚಾಸಿ ನೋಡಲಿಲ್ಲ. ಹಿಂದಕ್ಕೆ ಹತ್ತಿ ಮೊಣಕಾಲೂರಿ ಹಲಗೆಗೆ ಮೂಗಿಟ್ಟರು. ಜೊತೆಗೆ ಹೋಗಿದ್ದ ಅಪ್ಪ ಈ ಕಥೆಯನ್ನು ನಮಗೆ ಅಭಿನಯಿಸಿ ತೋರಿಸುತ್ತಿದ್ದರು. ಮಾವ ತಲೆ ಎತ್ತಿ ಹೇಳಿದ್ದು ಇಷ್ಟೇ: "ಇನ್ನೂ ಐತೆ ಬಾವಾ. ಹಣ್ಣು, ಹುಲ್ಲು, ಎರಡೂ."

ಆ ಲಾರಿಯನ್ನು ಮತ್ತೆ ರಸ್ತೆಗೆ ತರಬೇಕು, ಬೈರಕೂರಿನ ಮಾವಿನಹಣ್ಣು ತುಂಬಿಸಿ ಒಂದೇ ಒಂದು ಸಲ ಶ್ರೀನಿವಾಸಪುರದ ಮಂಡಿಗೆ ತಾವೇ ಓಡಿಸಿಕೊಂಡು ಹೋಗಬೇಕು. ಅವರು ತಮಗಾಗಿ ಇನ್ನೇನನ್ನಾದರೂ ಬಯಸಿದ್ದನ್ನು ನಾನು ಕೇಳಿಲ್ಲ. ಹೊಟ್ಟೆಪಾಡಿನ ಕೆಲಸ ಮುಗಿದ ಮೇಲೆ ಉಳಿದ ಬೆಳಕಿನಲ್ಲಿ ಅದರ ಕೆಲಸ. ಸಿಗದ ಭಾಗಗಳನ್ನು ಬೇರೆ ಗಾಡಿಗಳಿಂದ ಬಿಚ್ಚಿ ತಂದು, ಅರ ಹಾಕಿ ಉಜ್ಜಿ, ಕೂರುವಂತೆ ಮಾಡುತ್ತಿದ್ದರು.

ಕೊರೊನಾ ಎರಡನೇ ಸಲ ಬಂದಾಗ ಮಾವ ಜ್ವರದಲ್ಲಿ ಮಲಗಿದರು, ಎದ್ದರು. ಸೊರಗಿದ್ದರು, ಅಷ್ಟೇ ಎಂದುಕೊಂಡೆವು. ಕಾಲೇಜು ಮುಚ್ಚಿದ್ದರಿಂದ ನಾನು ಮನೆಯಲ್ಲೇ ಇದ್ದೆ. ಎಂಎಸ್ಸಿಯ ಕೊನೆಯ ವರ್ಷ. ಒಂದು ಮಧ್ಯಾಹ್ನ ಅಪ್ಪನ ಮೊಪೆಡ್ ನೋಡಲು ಅವರು ನಮ್ಮ ಅಂಗಳಕ್ಕೆ ಬಂದರು. ಎಂದಿನಂತೆ ಕೈಕಟ್ಟಿ, ಕುತ್ತಿಗೆ ಚಾಚಿ, ಒಂದು ಸುತ್ತು ಮೂಸಿದರು. ಆಮೇಲೆ ಅದರ ಪಕ್ಕದಲ್ಲೇ ಕೂತು ಬೀಡಿ ತೆಗೆದರು. ಕಿಟಕಿಯ ಒಳಗಿದ್ದ ನನ್ನ ಮೂಗಿಗೇ ಪೆಟ್ರೋಲ್ ಅಡರುತ್ತಿತ್ತು. ಟ್ಯಾಂಕಿನ ಕೆಳಗಿನ ಪೈಪು ಬಿರಿದು ನೆಲ ಒದ್ದೆಯಾಗಿತ್ತು. ಅವರು ಬೆಂಕಿಕಡ್ಡಿಯನ್ನು ಪೆಟ್ಟಿಗೆಗೆ ಒತ್ತಿ ಹಿಡಿದಿದ್ದರು.

"ಮಾವ, ಬೇಡ. ಪೆಟ್ರೋಲ್" ಎಂದೆ.

ಅವರು ನನ್ನನ್ನು ನೋಡಿದರು, ನೆಲವನ್ನು ನೋಡಿದರು. ಕಡ್ಡಿಯನ್ನು ವಾಪಸ್ ಪೆಟ್ಟಿಗೆಯೊಳಗೆ ಇಟ್ಟು ಅದನ್ನು ಮುಚ್ಚುವುದಕ್ಕೆ ತುಂಬ ಹೊತ್ತು ತೆಗೆದುಕೊಂಡರು. ಕಿಟಕಿಯ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಜ್ವರ ಹೋಯ್ತು ಅಮ್ಮಾಯಿ, ಅದರ ಜೊತೆ ಇದೂ ಹೋಯ್ತು. ಬೆಳಗಾದ್ರೆ ಡೀಸೆಲ್ ಬಟ್ಟೆ ಮೂಸಿ ನೋಡ್ತೀನಿ. ನೀರು ಮೂಸಿದಂಗೈತೆ. ಯಾರಿಗೂ ಹೇಳ್ಬೇಡ."

ನಾನು ಹೇಳಲಿಲ್ಲ. ಅತ್ತೆಗೆ ಗೊತ್ತಿತ್ತು, ಅವರು ಅರಿಶಿನದ ಹಬೆ ಕೊಟ್ಟರು, ಓಮದ ಗಂಟು ಕಟ್ಟಿಕೊಟ್ಟರು, ಒಂದು ದಿನ ಕೆಂಡದ ಮೇಲೆ ಒಣಮೆಣಸಿನಕಾಯಿ ಸುರಿದು ಇಡೀ ಬೀದಿಯನ್ನು ಕೆಮ್ಮಿಸಿದರು. ಮಾವನಿಗೆ ಕಣ್ಣಲ್ಲಿ ನೀರು ಬಂತು, ವಾಸನೆ ಬರಲಿಲ್ಲ.

ಕಾಲೇಜು ಮತ್ತೆ ತೆರೆದ ಮೇಲೆ, ಕೋಲಾರದ ಬಸ್ಸಿಳಿದು ಮನೆಗೆ ನಡೆಯುವಾಗ ಅವರು ಶೆಡ್ಡಿನಿಂದ ಕರೆಯತೊಡಗಿದರು. "ಅಮ್ಮಾಯಿ, ಒಂದು ನಿಮಿಷ." ಮೊದಲು ಡ್ರೈವರನ್ನು ರಸ್ತೆಯಾಚೆಯ ಟೀ ಅಂಗಡಿಗೆ ಕಳಿಸುತ್ತಿದ್ದರು. ಆಮೇಲೆ ಆಯಿಲ್ ಕಡ್ಡಿಯನ್ನು ನನ್ನ ಮೂಗಿನ ಮುಂದೆ ಹಿಡಿಯುತ್ತಿದ್ದರು. ನಾನು ಮಾತು ಕಡಿಮೆಯವಳು. ಆ ಶೆಡ್ಡಿನಲ್ಲಿ ಮಾತ್ರ ಪದಗಳಿಗಾಗಿ ಹುಡುಕಾಡಬೇಕಾಗುತ್ತಿತ್ತು.

"ಏನ್ ಬರ್ತೈತೆ?"

"ಸಿಹಿಯಾಗಿದೆ. ಪಾಕ ಸೀದ ಹಾಗೆ."

"ಹಂಗಾರೆ ರೇಡಿಯೇಟರ್ ಕೂಲೆಂಟು ಆಯಿಲ್ ಒಳಕ್ಕೆ ಇಳೀತಾ ಐತೆ. ಇಲ್ಲಿ?"

"ಕೆಟ್ಟ ಬೆಳ್ಳುಳ್ಳಿ."

"ಅದು ಗೇರ್ ಆಯಿಲು, ಇರ್ಲಿ. ಇಲ್ಲಿ ನೋಡು, ಆತುರ ಬೇಡ."

ಗೊತ್ತಾಗದಿದ್ದರೆ ಗೊತ್ತಾಗುತ್ತಿಲ್ಲ ಎನ್ನುತ್ತಿದ್ದೆ. ಅದು ಅವರಿಗೆ ಹಿಡಿಸಿತ್ತು. "ಇಲ್ಲದ್ದನ್ನ ಐತೆ ಅನ್ನಲ್ಲ ನೀನು" ಎಂದಿದ್ದರು ಒಮ್ಮೆ. ಅವರ ಬಾಯಿಂದ ನಾನು ಕೇಳಿದ ಹೊಗಳಿಕೆ ಅದೊಂದೇ.

ಒಂದು ಸಂಜೆ ಡ್ರೈವರೊಬ್ಬ ಬೇಗ ಟೀ ಮುಗಿಸಿ ಬಂದುಬಿಟ್ಟ. ಬ್ಯಾಗು ಹೆಗಲಿಗೆ ಹಾಕಿಕೊಂಡು ಲಾರಿಯ ಚಕ್ರಕ್ಕೆ ಮೂಗು ಚಾಚಿದ್ದ ನನ್ನನ್ನು ನೋಡಿ ನಿಂತ. "ಏನಣ್ಣ, ಇವರಿಗೂ ನಿನ್ನ ಕಾಯಿಲೆ ಅಂಟಿಸಿದ್ಯಾ?"

ಮಾವ ತಲೆಯೆತ್ತದೆ ಹೇಳಿದರು: "ಕೆಮಿಸ್ಟ್ರಿ ಎಮ್ಮೆಸ್ಸಿ ಕಣಯ್ಯಾ. ನಿನ್ ಬ್ರೇಕ್ ಲೈನಿಂಗ್ ಮೇಲೆ ಪ್ರಾಜೆಕ್ಟ್ ಮಾಡ್ತೈತೆ. ದೂರ ನಿಂತ್ಕೋ."

ಅವನು ನಿಜವಾಗಿಯೂ ದೂರ ನಿಂತ.

ಓದು ಮುಗಿದು ನನಗೆ ಮಾಲೂರಿನ ಕಾಲೇಜೊಂದರಲ್ಲಿ ಪಾಠ ಮಾಡುವ ಕೆಲಸ ಸಿಕ್ಕಿತು. ಅಲ್ಲೇ ರೂಮು ಮಾಡಿಕೊಂಡೆ. ಭಾನುವಾರಗಳಲ್ಲಿ ಊರಿಗೆ ಬರುತ್ತಿದ್ದೆ. ಮಾವ ಅನುಮಾನದ ಗಾಡಿಗಳನ್ನು ಭಾನುವಾರಕ್ಕೆ ಉಳಿಸಿಕೊಳ್ಳತೊಡಗಿದರು. ಅಷ್ಟು ದಿನ ಕಾಯುವ ಲಾರಿಗಳೆಷ್ಟು? ಉಳಿದವಕ್ಕೆ ಅವರು ಹಳೆಯ ಅಭ್ಯಾಸದ ಹಾಗೆ ಮೂಸಿ, ಊಹೆಯ ಮೇಲೆ ಹೇಳುತ್ತಿದ್ದರು. ಊಹೆ ತಪ್ಪಿದ ಗಾಡಿಗಳು ಮತ್ತೆ ಬರುತ್ತಿದ್ದವು. ಕೆಲವು ಬರುತ್ತಲೇ ಇರಲಿಲ್ಲ. ಮೂಸುವುದನ್ನು ನಿಲ್ಲಿಸಿದರೆ ಜನಕ್ಕೆ ಗೊತ್ತಾಗುತ್ತದೆ ಎಂಬ ಹೆದರಿಕೆಗೆ ಮೊದಲಿಗಿಂತ ಹೆಚ್ಚಾಗಿ ಮೂಸುತ್ತಿದ್ದರು ಎಂದು ಅತ್ತೆ ಹೇಳಿದರು.

ಆದರೆ ಅವರ ಲಾರಿ ಸಿದ್ಧವಾಗುತ್ತಾ ಬಂದಿತ್ತು. ಇಂಜಿನ್ ಕೂತಿತ್ತು, ಮೂತಿಗೆ ಹಸಿರು ಬಣ್ಣ ಬಂದಿತ್ತು, ಹೊಸ ವೈರಿಂಗ್ ಎಳೆದಿದ್ದರು. ಹಿಂದಿನ ಹಲಗೆಗಳನ್ನು ಮಾತ್ರ ಮುಟ್ಟಿರಲಿಲ್ಲ. "ಭಾನುವಾರ ಬಾ. ನೀನು ಪಕ್ಕ ಕೂತ್ಕೊಂಡ್ರೇನೇ ಸ್ಟಾರ್ಟ್ ಮಾಡೋದು" ಎಂದು ಹೇಳಿ ಕಳಿಸಿದರು. ನಾನು ಸರಿ ಎಂದೆ.

ಅವರು ಭಾನುವಾರದವರೆಗೆ ಕಾಯಲಿಲ್ಲ. ಬೈರಕೂರಿನಲ್ಲಿ ಕಾಯಿ ಕೀಳುವುದು ಶುರುವಾಗಿತ್ತು. ಗುರುವಾರ ಶೆಡ್ಡಿನ ಮುಂದೆ ಕೂತ ಹಳೆಯ ಗೆಳೆಯರು ಕಿಚಾಯಿಸಿದರಂತೆ. "ಇದು ಸ್ಟಾರ್ಟ್ ಆಗೋಷ್ಟ್ರಲ್ಲಿ ಮಾವು ಮುಗಿದು ಸೀತಾಫಲ ಬರ್ತೈತೆ ಬಿಡು." "ಬಣ್ಣ ಬಳಿದು ಬೊಂಬೆ ಹಬ್ಬಕ್ಕೆ ಇಕ್ಕೋದೇನೋ." ಯಾಕೆ ಕಾಯುತ್ತಿದ್ದೇನೆ ಎಂದು ಅವರು ಹೇಳುವ ಹಾಗಿರಲಿಲ್ಲ. ಪಕ್ಕದಲ್ಲಿ ಕೂರುವ ಮೂಗು ಮಾಲೂರಿನಲ್ಲಿದೆ ಎಂದು ಹೇಗೆ ಹೇಳುತ್ತಾರೆ? ಎದ್ದು ಹೋಗಿ ಕ್ಯಾಬಿನ್ನಿಗೆ ಹತ್ತಿ ಕೂತರು.

ಲಾರಿ ಸ್ಟಾರ್ಟ್ ಆಯಿತು. ಅದನ್ನು ಇಲ್ಲಿ ಹೇಳಲೇಬೇಕು. ಮೊದಲ ಸಲಕ್ಕೇ, ನೂಕದೆ, ಅದು ಎದ್ದಿತು. ಎಲ್ಲರೂ ಚಪ್ಪಾಳೆ ತಟ್ಟಿದರಂತೆ. ಮಾವ ಇಳಿಯಲಿಲ್ಲ, ಸ್ಟಿಯರಿಂಗ್ ಹಿಡಿದು, ಕಣ್ಣು ಮುಚ್ಚಿ, ಅದರ ಸದ್ದು ಕೇಳುತ್ತಾ ಕೂತುಬಿಟ್ಟರು. ಸೀಟಿನ ಹಿಂದೆ ಹಾದ ವೈರೊಂದು ತಗಡಿಗೆ ಉಜ್ಜಿ ಬಿಸಿಯಾಗುತ್ತಿತ್ತು. ಸೀಟಿನೊಳಗಿನ ತೆಂಗಿನ ನಾರು ಒಳಗೊಳಗೇ ಹೊಗೆಯಾಡುತ್ತಿತ್ತು. ಪಕ್ಕದ ಪಂಕ್ಚರ್ ಅಂಗಡಿಯ ಬಾಷಾ ಭಾಯಿ ಓಡಿ ಬಂದು ಅವರನ್ನು ಎಳೆದು ಹಾಕುವಷ್ಟರಲ್ಲಿ ಬೆನ್ನ ಹಿಂದೆ ಬೆಂಕಿ ಎದ್ದಿತ್ತು. ಮಾವನಿಗೆ ಅಂಗಿ ಸುಟ್ಟಿದ್ದು ಬಿಟ್ಟರೆ ಏನೂ ಆಗಲಿಲ್ಲ. ಲಾರಿಯ ಕ್ಯಾಬಿನ್ ಪೂರ್ತಿ ಹೋಯಿತು. ಕೊಡಗಟ್ಟಲೆ ನೀರು ಸುರಿದು ಹಿಂಭಾಗ ಉಳಿಸಿದರು.

ಬಾಷಾ ಭಾಯಿ ಕೆಟ್ಟವರಲ್ಲ. ಗಾಬರಿಯಲ್ಲಿ ಕೇಳಿದರು: "ಅಂಗಡಿಯಾಗೆ ಕೂತಿದ್ದ ನಂಗೆ ವಾಸ್ನೆ ಬಂತು ಸೊಣ್ಣಪ್ಪಣ್ಣ. ಒಳಗೇ ಇದ್ಯಲ್ಲ, ನಿಂಗೆ ಬರಲಿಲ್ವಾ?"

ಗೆಳೆಯರೆಲ್ಲ ಮಾವನ ಮುಖ ನೋಡಿದರು. ಅವರು ಸುಟ್ಟ ಅಂಗಿಯ ತುದಿಯನ್ನು ಮೂಗಿಗೆ ಹಿಡಿದು ನೋಡಿ, ಕೈ ಬಿಟ್ಟರಂತೆ. ಅಷ್ಟು ಸಾಕಾಯಿತು. ಹೆದ್ದಾರಿಯಲ್ಲಿ ಸುದ್ದಿಗೆ ಲಾರಿಗಳೇ ಇವೆ. ಯಾರೂ ಜಗಳವಾಡಲಿಲ್ಲ, ಆಡಿಕೊಳ್ಳಲೂ ಇಲ್ಲ. ಶೆಡ್ಡಿನ ಮುಂದೆ ಬರುವಾಗ ಡ್ರೈವರುಗಳು ಹಾರ್ನ್ ಹೊಡೆದು, ಕೈಯೆತ್ತಿ, ಮುಂದಿನ ಗ್ಯಾರೇಜಿಗೆ ಹೋಗತೊಡಗಿದರು.

ನಾನು ಅವರನ್ನು ಕೊನೆಯ ಸಲ ನೋಡಿದ್ದು ಆ ಮಳೆಗಾಲ ಮುಗಿಯುವಾಗ. ಚಳಿ ಶುರುವಾಗುವ ಹೊತ್ತಿಗೆ ಅವರು ನಿದ್ದೆಯಲ್ಲೇ ಹೋದರು. ನಾನು ಕೊನೆಯ ಸಲ ನೋಡಿದ ಆ ಭಾನುವಾರ ಮುಳಬಾಗಿಲಿನಿಂದ ಗುಜರಿಯವರು ಬಂದು ಲಾರಿಗೆ ಸರಪಳಿ ಸುತ್ತಿ ಕಾಯುತ್ತಿದ್ದರು. ಮಾವ ಹೂಂ ಎಂದಿರಲಿಲ್ಲ. ಕಲ್ಲಿನ ಮೇಲೆ ಕೂತಿದ್ದವರು ನನ್ನನ್ನು ಕಂಡು ಎದ್ದರು.

"ಬಂದ್ಯಾ. ಹಿಂದಕ್ಕೆ ಹತ್ತಿ ನೋಡು."

ಅಪ್ಪ ಅಭಿನಯಿಸಿ ತೋರಿಸುತ್ತಿದ್ದುದು ನೆನಪಾಯಿತು. ಹತ್ತಿದೆ. ಅವರು ಕೆಳಗಿನಿಂದ ಬೆರಳು ತೋರಿಸಿದ ಮೂಲೆಯಲ್ಲಿ ಮೊಣಕಾಲೂರಿ ಹಲಗೆಗೆ ಮೂಗಿಟ್ಟೆ. ಸುಟ್ಟ ರಬ್ಬರು, ನೆನೆದ ಮಸಿ. ಪಕ್ಕದ ಹಲಗೆಗೆ ಸರಿದೆ. ಅದರ ಪಕ್ಕದ್ದಕ್ಕೆ. ಬಿರುಕಿನಲ್ಲಿ ಉಗುರಿನಿಂದ ಕೆರೆದು ನೋಡಿದೆ. ಅವರು ಹಲಗೆಯನ್ನು ನೋಡುತ್ತಿರಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದರು.

"ಐತಾ?"

"ಇಲ್ಲ ಮಾವ."

"ಹಿಂಬಾಗಿಲ ಕಡೆ? ಅಲ್ಲಿಗೆ ಬೆಂಕಿ ಹೋಗಿಲ್ಲ."

ಅಲ್ಲಿಗೂ ಹೋದೆ. ಬೆಂಕಿ ಹೋಗಿರಲಿಲ್ಲ, ಹೊಗೆ ಹೋಗಿತ್ತು. ತುಂಬ ಹೊತ್ತು ಮೂಸಿದೆ.

"ಅಲ್ಲೂ ಇಲ್ಲ."

"ಸರೇ" ಎಂದರು. ಗುಜರಿಯವರ ಕಡೆ ತಿರುಗಿ, "ತಗೊಂಡ್ ಹೋಗ್ರಪ್ಪ" ಎಂದರು. ಆಮೇಲೆ ನನ್ನನ್ನು ಇಳಿಸಿಕೊಳ್ಳಲು ಕೈ ಚಾಚಿದರು. ಆ ಕೈ ಹಿಡಿದು ಇಳಿಯುವಾಗ ನನ್ನ ಮುಖ ಅದಕ್ಕೆ ಹತ್ತಿರ ಬಂತು. ಸೋಪಿನ ವಾಸನೆ. ಬೇರೇನೂ ಇರಲಿಲ್ಲ. ಅದನ್ನು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.